ಎದುರುನಿಂತವರಿಗೆ ಇಟ್ಟ ಹೆಸರುಗಳು : ದ್ರೋಹ, ದಂಗೆ, ಕೂಟ, ಬಂಡಾಯ

೧

ಅರಸರ ಚರಿತ್ರೆಯನ್ನು ಬರೆಯಲು ಹೊರಟವನಿಗೆ ಸಾಮಗ್ರಿಯ ಕೊರತೆ ಅಷ್ಟಾಗಿ ಇರುವುದಿಲ್ಲ. ಶಾಸನಗಳು, ವಂಶಾವಳಿಗಳು, ಕೈಫಿಯತ್ತುಗಳು, ದಫ್ತರದ ಕಾಗದಗಳು ಇವೆಲ್ಲವೂ ಅವನ ಕೈಗೆ ಒದಗುತ್ತವೆ. ಅರಸರಿಗೆ ಎದುರುನಿಂತವರ ಚರಿತ್ರೆಯನ್ನು ಬರೆಯಬೇಕಾದವನ ಪಾಡು ಬೇರೆ. ಅವನಿಗೂ ದೊರೆಯುವ ಸಾಮಗ್ರಿ ಬಹುಮಟ್ಟಿಗೆ ಅದೇ. ಎಂದರೆ, ಅವರನ್ನು ಅಡಗಿಸಿದವರು ಬರೆದಿಟ್ಟದ್ದು. ಅಂಥ ಬರೆಹದಲ್ಲಿ ಸಂಗತಿಗಳು ನಿಜವಾಗಿರಬಹುದು. ತಿಥಿ ವಾರಗಳು ಸರಿಯಾಗಿರಬಹುದು. ಆದರೆ ಮನುಷ್ಯನಿಗೆ ಇಟ್ಟ ಹೆಸರು ಮಾತ್ರ ವಿಚಾರಣೆಗೆ ಮುಂಚೆಯೇ ತೀರ್ಪನ್ನು ಹೇಳಿ ಮುಗಿಸಿರುತ್ತದೆ. ದ್ರೋಹಿ, ಪುಂಡ, ದಂಗೆಕೋರ ಎಂಬ ಮಾತು ವಾಕ್ಯದ ಕರ್ತೃಪದವಾಗಿ ಕುಳಿತ ಮೇಲೆ ಕ್ರಿಯಾಪದವು ಏನೇ ಆಗಿದ್ದರೂ ಓದುವವನ ಮನಸ್ಸು ಒಂದು ಕಡೆಗೆ ವಾಲಿಬಿಡುತ್ತದೆ.

ಈ ಹೆಸರುಗಳನ್ನು ನಮ್ಮ ಚರಿತ್ರೆಯ ಪುಸ್ತಕಗಳೂ ಪಠ್ಯಪುಸ್ತಕಗಳೂ ಹೆಚ್ಚಿನ ವಿಚಾರವಿಲ್ಲದೆ ಹಾಗೆಯೇ ತೆಗೆದುಕೊಂಡಿವೆ. ಒಂದೇ ಪುಟದಲ್ಲಿ ಒಬ್ಬನು ದಂಗೆಕೋರನೂ ಮತ್ತೊಬ್ಬನು ಸ್ವಾತಂತ್ರ್ಯವೀರನೂ ಆಗುವುದುಂಟು; ಇಬ್ಬರೂ ಮಾಡಿದ ಕೆಲಸ ಮಾತ್ರ ಒಂದೇ ಬಗೆಯದು. ಆದಕಾರಣ ಇಂಥ ಕೆಲವು ಶಬ್ದಗಳನ್ನು ಎತ್ತಿಕೊಂಡು, ಅದು ಯಾರ ಬಾಯ ಮಾತು, ಯಾರನ್ನು ಕುರಿತದ್ದು, ಆ ಹೆಸರಿನಿಂದ ಹೆಸರಿಸಿಕೊಂಡವನಿಗೆ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ನೋಡುವುದು ಈ ಲೇಖನದ ಉದ್ದೇಶ. ಶಬ್ದದ ಅರ್ಥವನ್ನು ಮಾತ್ರ ಹೇಳಿ, ಅದನ್ನು ಆಡಿದವನ ಸ್ಥಾನವನ್ನು ಹೇಳದೆ ಬಿಟ್ಟರೆ ಚರಿತ್ರೆಯ ಅರ್ಧವನ್ನು ಬಿಟ್ಟಂತೆ ಆಗುವುದೆಂಬುದು ಇಲ್ಲಿಯ ಪ್ರತಿಪಾದ್ಯ ವಿಷಯ.

೨

ನಮ್ಮ ಶಾಸನಗಳ ಭಾಷೆಯಲ್ಲಿ ಈ ವರ್ಗದ ಮುಖ್ಯವಾದ ಮಾತು ‘ದ್ರೋಹ’. ಸಂಸ್ಕೃತದಲ್ಲಿ ಇದಕ್ಕೆ ಕೇಡನ್ನು ಬಗೆಯುವುದೆಂಬ ಸಾಮಾನ್ಯವಾದ ಅರ್ಥವಿದೆ. ಕನ್ನಡ ನಾಡಿನ ರಾಜಕೀಯದಲ್ಲಿ ಅದು ಒಡೆಯನಿಗೂ ಆಳಿಗೂ ಇರುವ ಸಂಬಂಧದ ಮಾತಾಯಿತು. ಸ್ವಾಮಿದ್ರೋಹವೆಂದರೆ ಅನ್ನವಿಕ್ಕಿದವನಿಗೆ ಎರಡೆಣಿಸುವುದು. ಅದು ನಾಡಿಗಾಗಲಿ ಜನಕ್ಕಾಗಲಿ ಮಾಡಿದ ಅಪರಾಧವಲ್ಲ. ಒಬ್ಬ ಮನುಷ್ಯನಿಗೆ ಮತ್ತೊಬ್ಬ ಮನುಷ್ಯನು ಮಾಡಿದ ಅಪರಾಧ.

ಈ ಮಾತಿನ ಬಲವೆಷ್ಟಿತ್ತೆಂಬುದಕ್ಕೆ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಒಂದು ಸಾಕ್ಷಿಯುಂಟು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನಿಗೆ ‘ದ್ರೋಹಘರಟ್ಟ’ನೆಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಕಾಳಿನಂತೆ ಅರೆದು ಹಿಟ್ಟುಮಾಡುವವನೆಂದು ತಾತ್ಪರ್ಯ. ಅವನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ಕ್ರಿ.ಶ. ೧೧೩೩ರಲ್ಲಿ ತಂದೆಯ ನೆನಪಿಗಾಗಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ದ್ರೋಹಘರಟ್ಟ ಜಿನಾಲಯವೆಂದೇ ಹೆಸರಾಯಿತು. ಅಹಿಂಸೆಯನ್ನು ಪರಮಧರ್ಮವೆನ್ನುವ ಮತದ ದೇವಾಲಯವೊಂದು ಇಂಥ ಬಿರುದನ್ನು ಹೊತ್ತು ನಿಂತಿರುವುದು ಆ ಕಾಲದಲ್ಲಿ ಯಾರಿಗೂ ವಿಪರೀತವಾಗಿ ಕಂಡಂತಿಲ್ಲ. ದ್ರೋಹಿಯನ್ನು ಅರೆಯುವುದು ಹಿಂಸೆಯ ಲೆಕ್ಕಕ್ಕೆ ಬರುತ್ತಿರಲಿಲ್ಲವೆಂದೇ ಹೇಳಬೇಕು.

ಆದರೆ ಈ ಗಂಗರಾಜನ ಪರಾಕ್ರಮಗಳಲ್ಲಿ ಒಂದನ್ನು ಇಲ್ಲಿ ನೆನೆಯತಕ್ಕದ್ದು. ಕ್ರಿ.ಶ. ೧೧೧೮ರ ಸುಮಾರಿಗೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಇವನು ಇರುಳಿನಲ್ಲಿ ಬಿದ್ದು ಅದನ್ನು ಚೆಲ್ಲಾಪಿಲ್ಲಿ ಮಾಡಿದನು. ಆ ಸೈನ್ಯವು ಆರನೆಯ ವಿಕ್ರಮಾದಿತ್ಯನದು. ವಿಕ್ರಮಾದಿತ್ಯನಾದರೋ ಹೊಯ್ಸಳರಿಗೆ ಅಂದಿಗೆ ಸಾರ್ವಭೌಮನು. ಸಾಮಂತನಾದ ವಿಷ್ಣುವರ್ಧನನು ಸಾರ್ವಭೌಮನಿಗೆ ತಿರುಗಿಬಿದ್ದ ಈ ಯುದ್ಧವನ್ನು ಕಲ್ಯಾಣದ ಅರಮನೆಯ ಮೊಗಸಾಲೆಯಲ್ಲಿ ನಿಂತು ನೋಡಿದವನಿಗೆ ದ್ರೋಹ ಯಾವ ಕಡೆಗೆ ಕಾಣುತ್ತಿತ್ತೆಂಬುದನ್ನು ವಿವರಿಸಬೇಕಾದ್ದಿಲ್ಲ. ದೋರಸಮುದ್ರದ ಕಡೆಯಿಂದ ನೋಡಿದರೆ ಅದೇ ಸ್ವಾಮಿಭಕ್ತಿ. ಗಂಗರಾಜನು ತನ್ನ ಒಡೆಯನಿಗೆ ನಿಷ್ಠನಾಗಿದ್ದನು. ಆ ಒಡೆಯನು ತನ್ನ ಒಡೆಯನಿಗೆ ನಿಷ್ಠನಾಗಿರಲಿಲ್ಲ. ಶಬ್ದವು ಒಂದು ಮೆಟ್ಟಿಲಿನ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಗೆದ್ದವನ ಮೇಲೆ ಈ ಮಾತು ಅಂಟಿಕೊಳ್ಳುವುದಿಲ್ಲವೆಂಬುದಕ್ಕೆ ಅದೇ ಶತಮಾನದ ಇನ್ನೊಂದು ನಿದರ್ಶನ ಬಿಜ್ಜಳನದು. ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದ ಕಳಚುರಿ ಬಿಜ್ಜಳನು ಸ್ವಾಮಿಯ ಸಿಂಹಾಸನವನ್ನೇ ವಶಪಡಿಸಿಕೊಂಡು ಕ್ರಿ.ಶ. ೧೧೬೨ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನು ಧರಿಸಿದನು. ಅವನ ಶಾಸನಗಳಲ್ಲಿ ಅವನು ಚಕ್ರವರ್ತಿಯೇ. ಅವನ ಕೊನೆಗಾಲದಲ್ಲಿ ಕಲ್ಯಾಣದಲ್ಲಿ ನಡೆದ ಶರಣರ ಸಂಬಂಧವಾದ ಕ್ಷೋಭೆಯನ್ನು ನಾವು ಇಂದು ‘ಕಲ್ಯಾಣಕ್ರಾಂತಿ’ ಎಂದು ಕರೆಯುತ್ತೇವೆ. ಕ್ರಾಂತಿಯೆಂಬ ಮಾತಿಗೆ ಸಂಸ್ಕೃತದಲ್ಲಿ ಹೆಜ್ಜೆಯಿಡುವಿಕೆ, ದಾಟುವಿಕೆ ಎಂಬ ಅರ್ಥ, ಸಂಕ್ರಾಂತಿಯಲ್ಲಿರುವುದು ಅದೇ. ರಾಜ್ಯವ್ಯವಸ್ಥೆಯನ್ನು ತಲೆಕೆಳಗು ಮಾಡುವುದೆಂಬ ಅರ್ಥವು ಅದಕ್ಕೆ ಬಂದದ್ದು ನವೀನ ಕಾಲದಲ್ಲಿ. ಹೀಗೆ ದೂಷಣೆಯ ಶಬ್ದವನ್ನು ಹಿಂದಿನವರು ಕೊಟ್ಟಿದ್ದರೆ ಭೂಷಣದ ಶಬ್ದವನ್ನು ನಾವು ಕೊಡುತ್ತಿರುವೆವು. ಎರಡರಲ್ಲಿಯೂ ಹೆಸರಿಟ್ಟವನ ಕಾಲವೇ ಮೊದಲು ಕಾಣುತ್ತದೆ.

೩

ವಿಜಯನಗರದ ಪತನವಾದ ಮೇಲೆ ಬಿಜಾಪುರದವರ, ಮೊಗಲರ, ಮರಾಠರ, ಮೈಸೂರಿನ ನವಾಬರ ಆಡಳಿತಗಳಲ್ಲಿ ಕನ್ನಡದ ದಫ್ತರಕ್ಕೆ ಫಾರಸಿ ಮತ್ತು ಮರಾಠಿ ಮಾತುಗಳು ಹೊಳೆಯಾಗಿ ಹರಿದುಬಂದವು. ಕಂದಾಯ, ಸೈನ್ಯ, ನ್ಯಾಯ ಈ ಮೂರು ಇಲಾಖೆಗಳ ಮಾತುಗಳೊಡನೆ, ಆ ಮೂರಕ್ಕೂ ಎದುರುಬಿದ್ದವರ ಹೆಸರುಗಳೂ ಬಂದದ್ದು ಸಹಜವೇ. ದಂಗೆ, ಬಂಡು, ಪುಂಡ, ಪಿತೂರಿ ಇವೆಲ್ಲ ಈ ದಾರಿಯಿಂದ ಬಂದವು.

ಇವು ಬಂದ ಮೇಲೆ ಆಯಾ ಭಾಷೆಯಲ್ಲಿ ಪಡೆದ ಅರ್ಥಗಳನ್ನು ಹೋಲಿಸಿ ನೋಡತಕ್ಕದ್ದು. ಹಿಂದಿಯಲ್ಲಿ ದಂಗಾ ಎಂದರೆ ಬೀದಿಯ ಗಲಭೆ. ಕನ್ನಡದ ದಂಗೆಯು ಅದಕ್ಕಿಂತ ದೊಡ್ಡದು, ಸರಕಾರದ ಮೇಲೆ ಏಳುವುದು. ಪಿತೂರಿಯು ಅರಬ್ಬಿ ಮೂಲದ್ದು. ತೆಲುಗು ನಾಡಿನಲ್ಲಿ ಅದು ಬಹಿರಂಗವಾದ ಹೋರಾಟ. ಗೋದಾವರಿಯ ಮಲೆಪ್ರಾಂತದಲ್ಲಿ ಕ್ರಿ.ಶ. ೧೮೭೯ರಲ್ಲಿ ನಡೆದದ್ದು ರಂಪ ಪಿತೂರಿಯೆಂದೇ ಪ್ರಸಿದ್ಧವಾಗಿದೆ. ೧೯೨೨ರಿಂದ ೧೯೨೪ರ ವರೆಗೆ ಅಲ್ಲೂರಿ ಸೀತಾರಾಮರಾಜುವಿನ ಮುಂದಾಳುತನದಲ್ಲಿ ಅದೇ ಸೀಮೆಯಲ್ಲಿ ನಡೆದದ್ದಕ್ಕೂ ಅದೇ ಹೆಸರು. ಕನ್ನಡದಲ್ಲಿ ಪಿತೂರಿಯೆಂದರೆ ಬಾಗಿಲು ಮುಚ್ಚಿಕೊಂಡು ಮಾಡುವ ಒಳಸಂಚು. ಒಂದೇ ಮಾತು ಬೆಟ್ಟದ ಸೀಮೆಯಲ್ಲಿ ಬಿಲ್ಲು ಹಿಡಿದು ಬಯಲಿಗೆ ಬಂದಿತು. ಅರಮನೆಯ ಸೀಮೆಯಲ್ಲಿ ಗುಸುಗುಸು ಎಂದಿತು.

ಈ ಶಬ್ದಗಳಿಗೆ ಹತ್ತಿದ ಪ್ರತ್ಯಯವೊಂದನ್ನೂ ಇಲ್ಲಿ ಗಮನಿಸಬೇಕು. ದಂಗೆಕೋರ, ಬಂಡುಕೋರ, ತಂಟೆಕೋರ, ಜಗಳಕೋರ ಎಂಬಲ್ಲಿಯ ‘ಕೋರ’ವು ಫಾರಸಿಯ ‘ಖೋರ್’, ಎಂದರೆ ತಿನ್ನುವವನು. ಲಂಚಕೋರನೆಂಬಲ್ಲಿ ಅದರ ಅರ್ಥ ನೇರವಾಗಿಯೇ ಇದೆ. ಅವನು ಲಂಚವನ್ನು ತಿನ್ನುತ್ತಾನೆ. ಅಲ್ಲಿಂದ ಅದು ಚಾಡಿಗೂ ಜಗಳಕ್ಕೂ ಕಡೆಗೆ ದಂಗೆಗೂ ಹಬ್ಬಿತು. ನಮ್ಮ ‘ಗಾರ’ ಪ್ರತ್ಯಯವು ಹಾಗಲ್ಲ. ಮಾಲೆಗಾರ, ಹಾಡುಗಾರ, ಮೋಸಗಾರ, ಜೂಜುಗಾರ ಎಂದು ಅದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಮನಾಗಿ ಹತ್ತುತ್ತದೆ. ಕೋರ ಪ್ರತ್ಯಯವು ಒಳ್ಳೆಯದಕ್ಕೆ ಹತ್ತುವುದಿಲ್ಲ. ಹೋರಾಟಗಾರನುಂಟು, ಚಳವಳಿಗಾರನುಂಟು; ಹೋರಾಟಕೋರ, ಚಳವಳಿಕೋರರೆಂದು ಯಾರೂ ಹೇಳುವುದಿಲ್ಲ. ಆದಕಾರಣ ದಂಗೆಕೋರನೆಂದ ಕೂಡಲೆ, ಇವನಿಗೆ ಯಾವ ದೂರೂ ಇಲ್ಲ, ದಂಗೆಯೇ ಇವನಿಗೆ ಊಟ ಎಂಬ ಅಭಿಪ್ರಾಯವು ಹೇಳದೆಯೇ ಬಂದುಬಿಡುತ್ತದೆ. ಸಂಗತಿಯನ್ನು ಹೇಳುತ್ತಿರುವೆನೆಂದು ತಿಳಿದು ಚರಿತ್ರಕಾರನು ಬರೆಯುತ್ತಿರುವಾಗ ಪ್ರತ್ಯಯವು ಅಭಿಪ್ರಾಯವನ್ನು ಹೇಳುತ್ತಿರುತ್ತದೆ.

ಪಾಳೆಯಗಾರನ ಹೆಸರಿನ ಕಥೆ ಇದಕ್ಕೆ ವಿರುದ್ಧವಾದ ದಾರಿಯದು. ಪಾಳೆಯವೆಂದರೆ ದಂಡು ಬಿಟ್ಟ ಬೀಡು. ಪಾಳೆಯಗಾರನು ಒಡೆಯನಿಗಾಗಿ ದಂಡನ್ನು ಇಟ್ಟುಕೊಂಡು ನಾಡನ್ನು ಕಾಯತಕ್ಕವನು. ಅಧಿಕಾರದ ಹೆಸರಾದ ಇದು, ಹೈದರನ ಮತ್ತು ಅವನ ಮೇಲೆ ಕಂಪನಿಯವರ ಕಾಲದಲ್ಲಿ ಅಂಕೆಗೆ ಸಿಕ್ಕದವನ ಹೆಸರಾಯಿತು. ಮರಾಠಿಯಲ್ಲಿ ಪುಂಡನನ್ನೂ ಪಾಳೆಯಗಾರನನ್ನೂ ಜೋಡಿಸಿ ಒಂದೇ ನುಡಿಗಟ್ಟನ್ನು ಮಾಡಿರುವರು. ಇಂದು ಪಾಳೆಯಗಾರಿಕೆಯೆಂದರೆ ದರ್ಪದ ನಡತೆಯೆಂದೇ ಅರ್ಥ. ಮನುಷ್ಯನು ಅದೇ, ಕೋಟೆಯೂ ಅದೇ. ಮೇಲಿನ ಸರಕಾರವು ಬದಲಾದಾಗ ಹೆಸರಿನ ಬೆಲೆ ಬದಲಾಯಿತು.

೪

ಹೆಸರಿನ ವಿಚಾರವು ಬರಿಯ ಶಬ್ದವಿಲಾಸವೆಂದು ಎಣಿಸಬಾರದು. ಹೆಸರು ಏನೆಂಬುದರ ಮೇಲೆ ಶಿಕ್ಷೆ ಏನೆಂಬುದು ನಿಂತಿರುತ್ತಿತ್ತು. ಧೋಂಡಿಯ ವಾಘನ ವೃತ್ತಾಂತವನ್ನು ನೋಡಬಹುದು. ಚನ್ನಗಿರಿಯವನಾದ ಈತನು ಹೈದರ್ ಟಿಪ್ಪುಗಳ ಕುದುರೆಯ ದಂಡಿನಲ್ಲಿದ್ದವನು. ಟಿಪ್ಪುವಿನ ಸೆರೆಯಲ್ಲಿ ಬಿದ್ದು, ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಬಿಡುಗಡೆಯನ್ನು ಹೊಂದಿದನು. ಚೆದುರಿಹೋದ ಸಿಪಾಯರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನೂ ತುಂಗಭದ್ರೆಯ ಉತ್ತರದ ಪ್ರಾಂತವನ್ನೂ ತಲ್ಲಣಗೊಳಿಸಿದನು. ತನ್ನನ್ನು ‘ಉಭಯಲೋಕಾಧೀಶ್ವರ’ನೆಂದು ಕರೆದುಕೊಂಡನು.

ಈ ಬಿರುದನ್ನು ಕಂಪನಿಯ ಅಧಿಕಾರಿಗಳು ನಗೆಗೀಡುಮಾಡಿದರು. ಅವರ ಕಾಗದಗಳಲ್ಲಿ ಅವನು ಸುಲಿಗೆಗಾರನು. ಸುಲಿಗೆಗಾರನೆಂದಾದ ಕಾರಣ, ಕೈಗೆ ಸಿಕ್ಕಿದಲ್ಲಿ ಮೊದಲು ಕಂಡ ಮರಕ್ಕೆ ನೇಣುಹಾಕಬೇಕೆಂದು ಮದರಾಸಿನಿಂದ ಅಪ್ಪಣೆಯಾಯಿತು. ಶತ್ರುರಾಜನೆಂದು ಒಪ್ಪಿಕೊಂಡಿದ್ದರೆ ಅವನಿಗೆ ಯುದ್ಧಧರ್ಮವು ಅನ್ವಯಿಸುತ್ತಿತ್ತು. ಸಂಧಿ, ಸೆರೆ, ವರ್ಷಾಶನ ಇವುಗಳ ಮಾತು ಬರುತ್ತಿತ್ತು. ಟಿಪ್ಪುವಿನ ಮಕ್ಕಳಿಗೆ ವೇಲೂರಿನಲ್ಲಿ ವರ್ಷಾಶನವುಂಟಾದದ್ದು ಅವರ ತಂದೆಯು ಶತ್ರುವೆಂಬ ಹೆಸರನ್ನು ಗಳಿಸಿದ್ದರಿಂದ. ಆದರೆ ಈ ಸುಲಿಗೆಗಾರನನ್ನು ಹಿಡಿಯುವುದಕ್ಕೆ ಮುಂದೆ ವೆಲಿಂಗ್ಟನ್ ಪ್ರಭುವಾದ ಆರ್ಥರ್ ವೆಲ್ಲೆಸ್ಲಿಯೇ ಸೈನ್ಯಸಮೇತನಾಗಿ ತಿಂಗಳುಗಟ್ಟಲೆ ಅಲೆಯಬೇಕಾಯಿತು. ೧೮೦೦ನೆಯ ಇಸವಿ ಸೆಪ್ಟೆಂಬರ್ ೧೦ರಂದು ಕೋಣಗಲ್ಲಿನ ಬಳಿ ಧೋಂಡಿಯನು ಕಾಳಗದಲ್ಲಿ ಮಡಿದನು. ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯು ತಾನೇ ಸಾಕಿ ಅವನ ಜೀವನಕ್ಕೆ ಏರ್ಪಾಡು ಮಾಡಿದನು. ಕಾಗದದಲ್ಲಿ ಕಳ್ಳನಾಗಿದ್ದವನು ಗೆದ್ದವನ ನಡತೆಯಲ್ಲಿ ಶತ್ರುವಿನ ಗೌರವವನ್ನು ಪಡೆದನೆಂದು ಹೇಳಬಹುದು. ಆದರೆ ಆ ಗೌರವವು ಅವನು ಸತ್ತ ಮೇಲೆ ಬಂದಿತು.

೫

ಇಲ್ಲಿಯ ವರೆಗೆ ನೋಡಿದ ಮಾತುಗಳೆಲ್ಲ ಮೇಲಿನವರು ಕೆಳಗಿನವರಿಗೆ ಇಟ್ಟವು. ಎದುರುನಿಂತವರು ತಮ್ಮ ಕೆಲಸಕ್ಕೆ ತಾವೇ ಇಟ್ಟುಕೊಂಡ ಹೆಸರು ನಮಗೆ ದೊರೆಯುವುದು ವಿರಳ. ಅಂಥ ಒಂದು ಮಾತು ‘ಕೂಟ’.

ಕೂಟವು ಅಚ್ಚಗನ್ನಡದ ಶಬ್ದ. ಕೂಡು ಎಂಬ ಧಾತುವಿನಿಂದ ಬಂದದ್ದು. ಅದರಲ್ಲಿ ಯಾವ ದೋಷದ ಛಾಯೆಯೂ ಇಲ್ಲ. ೧೮೩೦ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರು ಕಂದಾಯದ ಹೊರೆಯನ್ನು ತಾಳಲಾರದೆ ಊರೂರುಗಳಿಂದ ಬಂದು ನೆರೆದಾಗ ಆ ನೆರವಿಗೆ ಕೂಟವೆಂದು ಹೆಸರಾಯಿತು. ೧೮೩೦–೩೧ರಲ್ಲಿಯೇ ಘಟ್ಟದ ಕೆಳಗಿನ ಕೆನರಾ ಜಿಲ್ಲೆಯ ರೈತರೂ ಕೂಟಗಳನ್ನು ಸೇರಿ, ತೆರಿಗೆಯನ್ನು ಕೊಡಲಾರೆವೆಂದು ಅರ್ಜಿಗಳನ್ನು ಕೊಟ್ಟರು. ಕಂಪನಿಯ ಅಧಿಕಾರಿಗಳು ಈ ಮಾತನ್ನು ಭಾಷಾಂತರಿಸದೆ ಇಂಗ್ಲಿಷ್ ಕಾಗದಗಳಿಗೆ ಹಾಗೆಯೇ ತೆಗೆದುಕೊಂಡರು. ಅಲ್ಲಿ ಹೋಗಿ ಸೇರಿದ ಮೇಲೆ ಅದಕ್ಕೆ ಬೇರೊಂದು ಅರ್ಥ ಬಂದಿತು. ಸಭೆಯೆಂಬುದು ಹೋಗಿ ಸರಕಾರಕ್ಕೆ ವಿರೋಧವಾದ ಗುಂಪೆಂದಾಯಿತು. ರೈತರ ಬಾಯಲ್ಲಿ ಕೂಡುವಿಕೆಯಾಗಿದ್ದದ್ದು ಕಚೇರಿಯ ಮೇಜಿನ ಮೇಲೆ ಅಪರಾಧವಾಯಿತು. ಶಬ್ದದ ಒಂದಕ್ಷರವೂ ಬದಲಾಗಲಿಲ್ಲ.

ನಗರದ ರೈತರಿಗೆ ನಾಯಕನಾಗಿ ನಿಂತವನ ಹೆಸರಿನಲ್ಲಿಯೂ ಇದೇ ದ್ವಂದ್ವವುಂಟು. ಅವನು ಒಬ್ಬ ರೈತನ ಮಗ, ಸಾದರ ಮಲ್ಲನೆಂಬವನು. ಕೆಳದಿಯ ಅರಸರ ಮುದ್ರೆಗಳು ಒಬ್ಬ ಜಂಗಮನ ಮೂಲಕ ಅವನ ವಶಕ್ಕೆ ಬಂದವು. ಅವನು ಬೂದಿ ಬಸವಪ್ಪನೆಂಬ ಹೆಸರನ್ನು ತಾಳಿ, ೧೭೬೩ರಲ್ಲಿ ಹೈದರನ ವಶವಾದ ಆ ರಾಜ್ಯಕ್ಕೆ ತಾನೇ ಹಕ್ಕುದಾರನೆಂದು ಸಾರಿ, ‘ನಗರದ ಖಾವಂದ’ನೆನಿಸಿಕೊಂಡನು. ಖಾವಂದನೆಂದರೆ ಒಡೆಯನು, ಧರ್ಮಸ್ಥಳದ ಹೆಗ್ಗಡೆಯವರನ್ನು ಜನರು ಇಂದಿಗೂ ಖಾವಂದರೆಂದು ಕರೆಯುವರು. ಅಧಿಕಾರಿಗಳ ಲೆಕ್ಕದಲ್ಲಿ ಅವನು ಸುಳ್ಳು ಹಕ್ಕುದಾರನೂ ಕಳ್ಳತನಕ್ಕಾಗಿ ಸೆರೆಯಲ್ಲಿದ್ದು ಬಂದವನೂ ಆಗಿದ್ದನು. ಅದು ಸುಳ್ಳೆಂದು ನಾವು ವಾದಿಸಬೇಕಾದ್ದಿಲ್ಲ. ಹಿಂದಿನ ಬಾಕಿಯನ್ನು ಬಿಡುವೆನು, ಕಂದಾಯವನ್ನು ಇಳಿಸುವೆನು ಎಂದು ಅವನು ಕೊಟ್ಟ ಮಾತು ರೈತರಿಗೆ ಅವನ ವಂಶಾವಳಿಗಿಂತ ಮುಖ್ಯವಾಗಿತ್ತೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ತರೀಕೆರೆಯ ಪಾಳೆಯಗಾರ ಮನೆತನದವರೂ ಸೇರಿಕೊಂಡ ಮೇಲೆ ಕೂಟವು ಕಾಳಗವಾಯಿತು.

ಮುಂದೆ ನಡೆದದ್ದು ಈ ಶಬ್ದವಿಚಾರಕ್ಕೆ ಬಹಳ ಉಪಯುಕ್ತವಾಗಿದೆ. ೧೮೩೧ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತೆಗೆದುಕೊಂಡನು. ಕ್ಷೋಭೆಯ ಕಾರಣವನ್ನು ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯೊಂದು ನೇಮಕವಾಗಿ ೧೮೩೩ರ ಡಿಸೆಂಬರಿನಲ್ಲಿ ವರದಿಯನ್ನು ಒಪ್ಪಿಸಿತು. ಅದರ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಶರತ್ತು ಪದ್ಧತಿಯು ಒಂದು. ಅಮಲ್ದಾರನು ಇಷ್ಟು ಹಣವನ್ನು ಎತ್ತಿಕೊಡುವೆನೆಂದು ಮೊದಲೇ ಕರಾರು ಬರೆದುಕೊಡಬೇಕು. ಕಡಮೆಯಾದರೆ ತನ್ನ ಕೈಯಿಂದ ತುಂಬಬೇಕು. ಹಾಗೆ ಬರೆದುಕೊಟ್ಟವನು ರೈತನನ್ನು ಹೇಗೆ ಹಿಂಡುವನೆಂಬುದು ಊಹಿಸಲಸಾಧ್ಯವಾದುದಲ್ಲ. ಕ್ಷೋಭೆಗೆ ಮೂಲವು ದುರಾಡಳಿತವೆಂಬುದೇ ಸಮಿತಿಯ ನಿರ್ಣಯದ ಸಾರ. ದಂಡನ್ನು ಕಳುಹಿಸಿ ಕೂಟವನ್ನು ಅಡಗಿಸಿದ ಸರಕಾರವೇ ಎರಡು ವರ್ಷಗಳ ಮೇಲೆ ರೈತರ ದೂರು ನಿಜವೆಂದು ಒಪ್ಪಿಕೊಂಡಂತಾಯಿತು. ಆದರೆ ಹೆಸರು ಮಾತ್ರ ಬದಲಾಗಲಿಲ್ಲ. ನಮ್ಮ ಪುಸ್ತಕಗಳಲ್ಲಿ ಅದು ಇಂದಿಗೂ ‘ನಗರದ ದಂಗೆ’ಯೇ. ಅದನ್ನು ನಡೆಸಿದವರ ಮಾತಿನಲ್ಲಿ ಅದು ಕೂಟವಾಗಿತ್ತೆಂಬುದನ್ನು ಅಡಿಟಿಪ್ಪಣಿಯಲ್ಲಿಯೂ ಹೇಳುವವರು ಕಡಮೆ.

ಈ ಶಬ್ದದ ಉತ್ತರಕಥೆಯೊಂದುಂಟು. ಒಂದು ಕೂಟವು ಒಕ್ಕೂಟ. ನಮ್ಮ ಸಂವಿಧಾನದ ಕನ್ನಡ ಪಾಠದಲ್ಲಿ ಭಾರತವು ರಾಜ್ಯಗಳ ಒಕ್ಕೂಟವಾಗಿದೆ. ಕಚೇರಿಯವರು ಒಂದು ಕಾಲಕ್ಕೆ ಅಂಜಿದ ಮಾತೇ ಈಗ ರಾಜ್ಯವ್ಯವಸ್ಥೆಯ ಹೆಸರಿನಲ್ಲಿ ನೆಲಸಿದೆ.

೬

ಸರಕಾರದ ಮಾತಿಗೆ ಎದುರಾಗಿ ಜನರ ಮಾತೊಂದು ಉಳಿದಿರುವ ಇನ್ನೊಂದು ನಿದರ್ಶನವು ಸಂಗೊಳ್ಳಿ ರಾಯಣ್ಣನದು. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜನ ದತ್ತುಪುತ್ರನಾದ ಶಿವಲಿಂಗಪ್ಪನನ್ನು ಕಂಪನಿಯವರು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಎದುರುನಿಂತಳು; ೧೮೨೪ರ ಅಕ್ಟೋಬರ್ ೨೩ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಸತ್ತನು; ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. ೧೮೨೯ರಲ್ಲಿ ರಾಯಣ್ಣನು ಶಿವಲಿಂಗಪ್ಪನ ಪಕ್ಷವನ್ನು ಹಿಡಿದು ದಂಡು ಕೂಡಿಸಿದನು. ಅವನನ್ನು ೧೮೩೧ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಕಂಪನಿಯ ಕಾಗದಗಳಲ್ಲಿ ಅವನು ದಂಗೆಕೋರನು. ಲಾವಣಿಗಳಲ್ಲಿ ಅವನು ಕಿತ್ತೂರಿನ ‘ಬಂಟ’.

ಬಂಟನೆಂದರೆ ಒಡೆಯನಿಗಾಗಿ ಕಾದುವ ಆಳು. ಇಲ್ಲಿ ನಾವು ಗಂಗರಾಜನ ಪ್ರಸಂಗಕ್ಕೆ ಹಿಂದಿರುಗಿದಂತಾಯಿತು. ಜನಪದರು ರಾಯಣ್ಣನನ್ನು ಎದುರುಬಿದ್ದವನೆಂದು ಹೊಗಳಲಿಲ್ಲ, ನಿಷ್ಠನೆಂದು ಹೊಗಳಿದರು. ಅವರ ದೃಷ್ಟಿಯಲ್ಲಿ ದ್ರೋಹವು ನಡೆದದ್ದು ಇನ್ನೊಂದು ಕಡೆಯಿಂದ. ಆದಕಾರಣ ರಾಯಣ್ಣನು ಮೊದಲಿನಿಂದಲೂ ಬಂಡಾಯದ ಮಾತನ್ನೇ ಆಡಿದನೆಂದು ಬರೆಯುವುದೂ ಒಂದು ಬಗೆಯ ಹೇರಿಕೆಯೇ ಆಗುತ್ತದೆ. ಜೆ. ಎಫ್. ಫ್ಲೀಟ್ ಎಂಬ ಶಾಸನತಜ್ಞನು ಮುಂಬಯಿ ಕರ್ನಾಟಕದಲ್ಲಿ ಅಧಿಕಾರಿಯಾಗಿದ್ದಾಗ ಸಂಗ್ರಹಿಸಿದ ಕನ್ನಡ ಲಾವಣಿಗಳನ್ನು ೧೮೮೫ರಿಂದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚುಮಾಡಿಸಿದನು; ರಾಯಣ್ಣನದೂ ಹಲಗಲಿಯ ಬೇಡರದೂ ಅವುಗಳಲ್ಲಿವೆ. ಜನರ ಮಾತು ಸರಕಾರದ ಅಧಿಕಾರಿಯ ಕೈಯಿಂದಲೇ ಉಳಿದುಬಂದದ್ದು ವಿಚಿತ್ರವಾದರೂ ನಿಜ. ಹಲಗಲಿಯ ಸಂಗತಿಯಾದರೂ ಇಂಥದೇ. ಬೇಡರಿಗೆ ಆಯುಧವು ಕುಲದ ಕಸುಬಿನ ಉಪಕರಣ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯು ಹೊರಟಾಗ, ನಿನ್ನೆಯ ವರೆಗೆ ಬೇಟೆಗಾರನಾಗಿದ್ದವನು ಏನನ್ನೂ ಮಾಡದೆ ಮನೆಯಲ್ಲಿ ಕುಳಿತಿದ್ದರೂ ಅಪರಾಧಿಯಾಗುವ ಸ್ಥಿತಿ ಬಂದಿತು.

ಹೀಗೆಂದ ಮಾತ್ರಕ್ಕೆ ಸರಕಾರದ ಹೆಸರೆಲ್ಲ ಸುಳ್ಳು, ಜನರ ಹೆಸರೆಲ್ಲ ಹೊಗಳಿಕೆ ಎಂದು ಸೂತ್ರವನ್ನು ಕಟ್ಟಲಾಗದು. ೧೮೩೪ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ, ೧೮೩೭ರಲ್ಲಿ ಸುಳ್ಯ ಪುತ್ತೂರು ಸೀಮೆಗಳ ಜನರು ಕಲ್ಯಾಣಸ್ವಾಮಿಯೆಂಬ ಹೆಸರಿನ ನಾಯಕನ ಹಿಂದೆ ಹೊರಟು ಮಂಗಳೂರನ್ನೇ ಕೆಲವು ದಿನಗಳ ವರೆಗೆ ಹಿಡಿದುಕೊಂಡರು. ದಕ್ಷಿಣ ಕನ್ನಡದ ಆಡುಮಾತಿನಲ್ಲಿ ಇದಕ್ಕೆ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಈ ಮಾತಿನಲ್ಲಿ ಸುಲಿಗೆ, ಉಪದ್ರವಗಳ ಧ್ವನಿಯೇ ಹೆಚ್ಚು. ದಂಡು ಹೋದ ದಾರಿಯಲ್ಲಿ ಮನೆಯಿದ್ದವನಿಗೆ ದಂಡಿನ ಉದ್ದೇಶಕ್ಕಿಂತ ತನ್ನ ಅಕ್ಕಿಯ ಮುಡಿಯ ಚಿಂತೆಯೇ ದೊಡ್ಡದಾಗಿದ್ದರೆ ಅದು ಆಶ್ಚರ್ಯವಲ್ಲ. ಇತ್ತೀಚಿನ ದಶಕಗಳಲ್ಲಿ ಆ ಪ್ರಾಂತದ ವಿದ್ವಾಂಸರು ಇದನ್ನು ಅಮರ ಸುಳ್ಯದ ರೈತ ಹೋರಾಟವೆಂದು ಕರೆದು ಅದರ ಗೌರವವನ್ನು ಎತ್ತಿಹಿಡಿದಿರುವರು. ಅದರ ಮುಂದಾಳುಗಳಲ್ಲಿ ಒಬ್ಬನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯು ೨೦೨೨ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಯಿತು. ಈ ಗೌರವವು ಯುಕ್ತವಾದುದೇ. ಆದರೆ ಹೊಸ ಹೆಸರನ್ನು ಇಡುವಾಗ ಹಳೆಯ ಹೆಸರನ್ನು ಅಳಿಸಿಬಿಡಬಾರದು. ಕಾಟಕಾಯಿಯೂ ಒಂದು ಸಾಕ್ಷಿ. ಅದನ್ನು ಆಡಿದವರೂ ಜನರೇ.

೭

ದೂಷಣೆಯ ಹೆಸರನ್ನು ಹೊತ್ತವರೇ ಅದನ್ನು ತೊಳೆದು ಹಾಕಿಕೊಂಡದ್ದೂ ಉಂಟು. ಪುಂಡನೆಂಬುದು ಇಂದಿಗೂ ಬೈಗುಳವೇ. ಸೊಕ್ಕಿದ ಆನೆಯೂ ಪುಂಡಾನೆಯೇ. ಆದರೆ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಅಭಿಮನ್ಯು, ಬಭ್ರುವಾಹನ ಮೊದಲಾದ ತರುಣವೀರರ ಪಾತ್ರಗಳಿಗೆ ‘ಪುಂಡುವೇಷ’ವೆಂದು ಹೆಸರು. ಇಬ್ಬರೂ ಹಿರಿಯರಿಗೆ ಎದುರುನಿಂತವರು. ಒಬ್ಬನು ಆಚಾರ್ಯನ ವ್ಯೂಹವನ್ನು ಹೊಕ್ಕನು, ಮತ್ತೊಬ್ಬನು ತಂದೆಯ ಕುದುರೆಯನ್ನು ಕಟ್ಟಿದನು. ಕಚೇರಿಯು ಕೊಟ್ಟ ಬೈಗುಳವು ರಂಗಸ್ಥಳದಲ್ಲಿ ಮರ್ಯಾದೆಯ ವೇಷವಾಯಿತು.

ಬಂಡಾಯದ ವೃತ್ತಾಂತವು ಇನ್ನೂ ಸ್ಫುಟವಾದುದು. ಈ ಮಾತಿಗೆ ಮರಾಠಿಯ ಬಂಡ, ಬಂಡಾವಾ ಎಂಬವುಗಳ ನಂಟು ಕಾಣುತ್ತದೆ. ದತ್ತಕಕ್ಕೆ ಅನುಮತಿ ದೊರೆಯದ ನರಗುಂದದ ಬಾಬಾಸಾಹೇಬನು ೧೮೫೮ರ ಮೇ ತಿಂಗಳಲ್ಲಿ ಎದ್ದು, ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೆ ಹೋದನು. ಅದು ನರಗುಂದದ ಬಂಡಾಯವೆನಿಸಿತು. ನೂರಿಪ್ಪತ್ತೆರಡು ವರ್ಷಗಳ ಮೇಲೆ, ೧೯೮೦ರ ಜುಲೈ ೨೧ರಂದು, ಅದೇ ನರಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧವಾಗಿ ನಿಂತಾಗ ಗೋಲಿಬಾರಾಯಿತು. ಅದಕ್ಕೂ ನರಗುಂದ ಬಂಡಾಯವೆಂದೇ ಹೆಸರು. ಈ ಎರಡರ ನಡುವೆ ಶಬ್ದದ ಬೆಲೆಯು ತಿರುಗಿಹೋಗಿತ್ತು. ೧೯೭೯ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಸೇರಿದ ಲೇಖಕರು ತಮ್ಮ ಸಂಘಟನೆಗೆ ಬಂಡಾಯವೆಂಬ ಮಾತನ್ನೇ ಆರಿಸಿಕೊಂಡಿದ್ದರು. ತಮ್ಮನ್ನು ಅವರು ಬಂಡಾಯಗಾರರೆಂದು ಕರೆದುಕೊಂಡರು, ಬಂಡುಕೋರರೆಂದಲ್ಲ. ಪ್ರತ್ಯಯದ ವಿವೇಕವು ಇಲ್ಲಿಯೂ ಕೆಲಸಮಾಡಿದೆ. ಇಂದು ಚುನಾವಣೆಯಲ್ಲಿ ಪಕ್ಷದ ಟಿಕೆಟು ದೊರೆಯದೆ ಬೇರೆ ನಿಂತವನೂ ‘ಬಂಡಾಯ ಅಭ್ಯರ್ಥಿ’ಯಾಗುವನು. ಗೌರವಕ್ಕೇರಿದ ಮಾತು ಅಗ್ಗವಾಗುವುದೂ ಬೇಗನೆ.

ಈ ತೊಡಕನ್ನೆಲ್ಲ ದಾಟಲು ಹೊಸ ಹೆಸರನ್ನೇ ನಿರ್ಮಿಸಿಕೊಂಡವರು ಗಾಂಧೀಜಿ. ದಕ್ಷಿಣ ಆಫ್ರಿಕದಲ್ಲಿ, ತಾವು ಮಾಡುತ್ತಿದ್ದುದಕ್ಕೆ ಎದುರಾಳಿಗಳ ಭಾಷೆಯಲ್ಲಿದ್ದ ಹೆಸರನ್ನು ಬಿಟ್ಟು ಸತ್ಯಾಗ್ರಹವೆಂಬ ಮಾತನ್ನು ಅವರು ಬಳಕೆಗೆ ತಂದರು. ಕಾರವಾರ ಜಿಲ್ಲೆಯ ಅಂಕೋಲೆ, ಸಿರಸಿ, ಸಿದ್ಧಾಪುರ ಸೀಮೆಗಳ ರೈತರು ೧೯೩೦ರಿಂದ ೧೯೩೨ರ ವರೆಗೆ ಅದೇ ದಾರಿಯಲ್ಲಿ ನಡೆದಾಗ ಅವರ ಕೆಲಸಕ್ಕೆ ‘ಕರನಿರಾಕರಣೆ’ ಎಂಬ ಹೆಸರು ಸಿದ್ಧವಾಗಿತ್ತು. ನೂರು ವರ್ಷಗಳ ಹಿಂದೆ ಅದೇ ಕೆನರಾದ ಕೂಟದವರು ಮಾಡಿದ್ದೂ ಕರನಿರಾಕರಣೆಯೇ. ಆ ಹೆಸರು ಅವರಿಗೆ ಇರಲಿಲ್ಲ. ಇದ್ದದ್ದನ್ನು ಕಚೇರಿಯವರು ಕಿತ್ತುಕೊಂಡರು.

೮

ಕಡೆಯದಾಗಿ ದ್ರೋಹವೆಂಬ ಮೊದಲ ಮಾತಿಗೇ ಬರಬೇಕು. ೧೮೭೦ರಲ್ಲಿ ಭಾರತ ದಂಡಸಂಹಿತೆಗೆ ೧೨೪–ಎ ಎಂಬ ಕಲಮನ್ನು ಸೇರಿಸಿದರು. ಅದು ಹೇಳುತ್ತಿದ್ದದ್ದು, ಕಾನೂನಿನಿಂದ ಸ್ಥಾಪಿತವಾದ ಸರಕಾರದ ವಿಷಯದಲ್ಲಿ ಅಪ್ರೀತಿಯನ್ನು ಕೆರಳಿಸುವ ಅಪರಾಧವನ್ನು. ಕನ್ನಡದಲ್ಲಿ ಅದಕ್ಕೆ ‘ರಾಜದ್ರೋಹ’ವೆಂಬ ಹೆಸರಾಯಿತು. ೧೮೯೭ರಲ್ಲಿಯೂ ೧೯೦೮ರಲ್ಲಿಯೂ ತಿಲಕರು, ೧೯೨೨ರಲ್ಲಿ ಗಾಂಧೀಜಿಯವರು ಈ ಕಲಮಿನ ಮೇಲೆ ಶಿಕ್ಷೆಗೊಳಗಾದರು. ೧೯೫೦ರಲ್ಲಿ ಗಣರಾಜ್ಯವಾದ ಮೇಲೆ ರಾಜನು ಹೋದನು, ಕಲಮು ಉಳಿಯಿತು. ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಂಸೆಗೆ, ಸಾರ್ವಜನಿಕ ಅವ್ಯವಸ್ಥೆಗೆ ಪ್ರೇರಿಸುವ ಮಾತಿಗೆ ಮಾತ್ರ ಅದು ಅನ್ವಯಿಸತಕ್ಕದ್ದೆಂದು ಮಿತಿಯನ್ನಿಟ್ಟಿತು. ೨೦೨೨ರ ಮೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. ೨೦೨೪ರ ಜುಲೈ ೧ರಿಂದ ಹಳೆಯ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿತು. ಅದರ ೧೫೨ನೆಯ ಕಲಮು ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗಳಿಗೆ ಅಪಾಯವನ್ನುಂಟುಮಾಡುವ ಕೃತ್ಯಗಳನ್ನು ಕುರಿತದ್ದು.

ಈ ನಡುವೆ ಆಡುಮಾತಿನಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ರಾಜದ್ರೋಹದ ಸ್ಥಾನವನ್ನು ‘ದೇಶದ್ರೋಹ’ವು ಆಕ್ರಮಿಸಿತು. ರಾಜನಿಲ್ಲದ ನಾಡಿನಲ್ಲಿ ರಾಜದ್ರೋಹವೆನ್ನಲು ಸಂಕೋಚವಾಗಿ ಹೀಗೆ ಮಾಡಿದರೆಂದು ತೋರುತ್ತದೆ. ಆದರೆ ಪೂರ್ವಪದವನ್ನು ಬದಲಾಯಿಸಿದಾಗ ಅರ್ಥವು ಬಹಳ ದೂರ ಹೋಯಿತು. ಹಳೆಯ ಕಲಮಿನಲ್ಲಿದ್ದದ್ದು ಸರಕಾರದ ಮೇಲಣ ಅಪ್ರೀತಿ. ಕನ್ನಡದ ಹೆಸರಿನಲ್ಲಿ ಬಂದದ್ದು ದೇಶದ ಮೇಲಣ ದ್ರೋಹ. ಸರಕಾರವೂ ದೇಶವೂ ಒಂದೇ ಅಲ್ಲ. ಸ್ವಾಮಿದ್ರೋಹವೆಂದಾಗ ಸ್ವಾಮಿ ಯಾರೆಂದು ತೋರಿಸಬಹುದಾಗಿತ್ತು. ಬೇಕಾದವನು ಆ ಸ್ವಾಮಿಯ ನಡತೆಯನ್ನೂ ತೂಗಿ ನೋಡಬಹುದಾಗಿತ್ತು. ದೇಶದ್ರೋಹವೆಂದಾಗ ಎದುರುಪಕ್ಷವೇ ಇಲ್ಲದಂತಾಗುತ್ತದೆ. ಆರೋಪಿಸುವವನು ತನ್ನ ಹೆಸರನ್ನು ಹೇಳಬೇಕಾದ್ದಿಲ್ಲ. ದೇಶದ ಹೆಸರನ್ನು ಹೇಳಿದರೆ ಸಾಕು. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಘರಟ್ಟಕ್ಕೆ ಒಂದು ಕೈಹಿಡಿಯಾದರೂ ಇತ್ತು, ಆ ಕೈ ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಇದರಿಂದ ಚರಿತ್ರೆಯ ಮತ್ತು ಸಾಹಿತ್ಯದ ಅಧ್ಯಾಪಕರು ಎರಡು ವಿಷಯಗಳನ್ನು ಗ್ರಹಿಸಬಹುದೆಂದು ಸೂಚಿಸಬಹುದಾಗಿದೆ. ಮೊದಲನೆಯದು, ಇಂಥ ಶಬ್ದವನ್ನು ಪಾಠದಲ್ಲಿ ಎತ್ತುವಾಗ ಅದು ಯಾರ ಮಾತೆಂಬುದನ್ನು ಜೊತೆಗೆ ಹೇಳುವುದು: ಕಂಪನಿಯವರು ದಂಗೆಯೆಂದರು, ರೈತರು ಕೂಟವೆಂದರು, ಲಾವಣಿಕಾರರು ಬಂಟನೆಂದರು ಎಂದು ಹೇಳಿದರೆ ಒಂದು ವಾಕ್ಯ ಹೆಚ್ಚಾಗುವುದು, ಆದರೆ ವಿದ್ಯಾರ್ಥಿಗೆ ವಿಚಾರಮಾಡಲು ಎಡೆಯಾಗುವುದು. ಎರಡನೆಯದು ನಿಘಂಟಿಗೆ ಸಂಬಂಧಿಸಿದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪ್ರಯೋಗಗಳನ್ನು ಕೊಟ್ಟು ಅರ್ಥವನ್ನು ಸ್ಥಾಪಿಸುವ ಉತ್ತಮ ಪದ್ಧತಿಯನ್ನು ಹಾಕಿಕೊಟ್ಟಿದೆ. ಕಾವ್ಯ ಶಾಸನಗಳ ಪ್ರಯೋಗಗಳೊಡನೆ ದಫ್ತರದ ಕಾಗದಗಳ, ಅರ್ಜಿಗಳ, ಲಾವಣಿಗಳ ಪ್ರಯೋಗಗಳನ್ನೂ ಇನ್ನು ಮುಂದಿನವರು ಹೆಚ್ಚಾಗಿ ಸೇರಿಸುವುದಾದರೆ, ಒಂದೇ ಮಾತು ಎರಡು ಬಾಯಿಗಳಲ್ಲಿ ಹೇಗೆ ಎರಡಾಯಿತೆಂಬುದು ಕಣ್ಣಿಗೆ ಕಾಣುವುದು.

ಎದುರುನಿಂತವರೆಲ್ಲರೂ ಸಾಧುಗಳಲ್ಲ, ಅವರನ್ನು ಅಡಗಿಸಿದವರೆಲ್ಲರೂ ದುಷ್ಟರಲ್ಲ. ಅದನ್ನು ನಿರ್ಣಯಿಸುವುದು ಸಂಗತಿಗಳನ್ನು ತೂಗಿದ ಮೇಲಿನ ಕೆಲಸ. ತೂಗುವುದಕ್ಕೆ ಮೊದಲೇ ಹೆಸರನ್ನು ತಕ್ಕಡಿಯ ತಟ್ಟೆಗೆ ಹಾಕಬಾರದೆಂಬುದಿಷ್ಟೇ ಇಲ್ಲಿಯ ಮಾತು.